ನಾಲ್ಕು ತಾಸು ಹಸಿದ ಕೂಸು

ಹೋದ ತಿಂಗಳು ಕಲಬುರಗಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಹತ್ತಿರವಾದಂತೆ ಪಕ್ಕದ ಸೀಟಿನ ಹಿರಿಯರು, ನಾನು ಕೇಳದಿದ್ದರೂ, ಕಿಟಕಿಯಾಚೆ ಬೆರಳು ಚಾಚಿದರು. "ಆ ಗುಡ್ಡ ನೋಡ್ರಿ ಮೇಡಂ. ಬುದ್ಧ ಮಲಗ್ಯಾನ. ಅದು ಹಣಿ, ಅದು ಮೂಗು, ಅದು ಎದಿ. ಕಂಡ್ತಿಲ್ಲೋ?"

ಕಂಡಿತು. ಕಾಣದೆ ಎಲ್ಲಿ ಹೋಗುತ್ತದೆ? ನಾನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಬೆಳೆದವಳು. ಅಪ್ಪ ಅಲ್ಲಿ ಗುಮಾಸ್ತ, ನಮ್ಮದು ಬೌದ್ಧರ ಮನೆ. ಬಂದ ನೆಂಟರಿಗೆಲ್ಲ ಆ ಗುಡ್ಡ ತೋರಿಸುವುದು ಅಪ್ಪನ ಹೆಮ್ಮೆ, ಆ ಹೆಮ್ಮೆಯನ್ನು ಕೆಡಿಸುವುದು ನನ್ನ ಹೆಮ್ಮೆ. "ಅಪ್ಪಾ, ಅದು ಕಲ್ಲು. ನೀ ಮೊದಲ ಬುದ್ಧ ಅಂತ ಹೇಳ್ತಿ, ಆಮ್ಯಾಲ ತೋರಸ್ತಿ. ಎಮ್ಮಿ ಮಲಗ್ಯಾದ ಅಂತ ಹೇಳಿ ತೋರಸು, ಎಮ್ಮಿನೂ ಕಾಣ್ತದ," ಎಂದು ಹತ್ತನೇ ವಯಸ್ಸಿಗೇ ನೆಂಟರೆದುರು ವಾದ ಹೂಡುತ್ತಿದ್ದೆ.

ಈ ಸಲ ಹಿರಿಯರ ಜೊತೆ ವಾದ ಮಾಡಲಿಲ್ಲ. ತಲೆಯೊಳಗೆ ಮೊದಲೇ ಕೂತದ್ದೇ ಕಣ್ಣಿಗೆ ಕಾಣುತ್ತದೆ ಎಂಬ ನನ್ನ ವಾದಕ್ಕೆ ನಾನೇ ಉದಾಹರಣೆಯಾಗಿ ನಿಂತ ಒಂದು ವರ್ಷ ಈ ಊರಿನಲ್ಲಿದೆ. ಅದನ್ನು ಬರೆಯುತ್ತಿದ್ದೇನೆ. ಮೊದಲ ನೌಕರಿಯ ಮಧುರ ನೆನಪು ಬೇಕಿದ್ದವರು ಇಲ್ಲಿಗೇ ಬಿಟ್ಟುಬಿಡಬಹುದು.

ಸ್ಕ್ಯಾನಿಂಗ್‌ನಲ್ಲಿ ಎಂ.ಡಿ. ಮುಗಿಸಿ ಬಂದ ವರ್ಷ ಶಹಾಪುರದ ಒಂದು ಖಾಸಗಿ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ಅದರ ಹೆಸರು ಬೇಡ, ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಎರಡು ಕೋಣೆ, ಹೊರಗೊಂದು ಹಾಲ್, ಅಲ್ಲಿ ಕಬ್ಬಿಣದ ಬೆಂಚು, ಗೋಡೆಯ ಮೇಲೆ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಎಂಬ ಫಲಕ. ಮಾಲೀಕರೂ ವೈದ್ಯರೇ. ಎಲ್ಲರೂ ಅವರನ್ನು ದೊಡ್ಡ ಸರ್ ಎನ್ನುತ್ತಿದ್ದರು. ಯಂತ್ರಕ್ಕೆ ಮೈಮೇಲೆ ಇಟ್ಟು ನೋಡುವ ಎರಡು ಪ್ರೋಬು: ದೊಡ್ಡವರ ಹೊಟ್ಟೆಯ ಆಳ ನೋಡಲು ಬಾಗಿದ ಮುಖದ್ದೊಂದು, ಚರ್ಮದ ಕೆಳಗೇ ಇರುವ ಸಣ್ಣಪುಟ್ಟದ್ದನ್ನು ಬಿಡಿಸಿ ನೋಡಲು ನೇರ ಮುಖದ್ದೊಂದು. ಎರಡನೆಯದನ್ನು ದೊಡ್ಡ ಸರ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. "ಹೊಸಾದದ. ಕೈ ಜಾರಿ ಬಿದ್ರ ಹೋತು," ಎನ್ನುತ್ತಿದ್ದರು. ಪಟ್ಟದ ಕತ್ತಿಯನ್ನು ಒರೆಯಲ್ಲೇ ಇಟ್ಟು ಪೂಜೆ ಮಾಡುವ ಜಾತಿಯ ಮನುಷ್ಯ.

ಕೆಲಸ ಶುರುವಾದ ವಾರದಲ್ಲೇ ಈ ಸೀಮೆಯವರ ಒಂದು ಸುಳ್ಳು ನನಗೆ ಪಾಠವಾಯಿತು. ಹೊಟ್ಟೆಯ ಸ್ಕ್ಯಾನಿಗೆ ಉಪವಾಸ ಬರಬೇಕು. ಹೊಟ್ಟೆ ಖಾಲಿಯಿದ್ದರೆ ಪಿತ್ತಕೋಶ ರಸ ತುಂಬಿ ಉಬ್ಬಿಕೊಂಡಿರುತ್ತದೆ, ಉಂಡ ಕೂಡಲೇ ಹಿಂಡಿಕೊಂಡು ಸುಕ್ಕಾಗುತ್ತದೆ. ಉಬ್ಬಿದ್ದರೆ ಮಾತ್ರ ಅದರ ಒಳಗೇನಿದೆ ಹೇಳಬಹುದು. ಇಲ್ಲಿಯವರ ಉಪವಾಸ ಹೇಗಿತ್ತೆಂದರೆ:

"ಏನರ ತಿಂದೀರೇನು?"

"ಏನಿಲ್ರಿ. ಬರೇ ಚಾ."

"ಚಾದ ಜೋಡಿ?"

"ಎರಡ ಖಾರಿ ಬಿಸ್ಕಿಟ್."

"ಖಾರಿ ತಿನ್ನೂದಲ್ಲೇನು?"

"ಚಾದಾಗ ಅದ್ದಿದ್ದಲ್ರಿ ಅದು, ಕುಡದಂಗನ ಆತು."

ಇಂಥವರನ್ನು ಹಿಡಿಯುವುದು ನನಗೆ ಆಟವಾಯಿತು. ನಾನು ಕಾಲೇಜಿನ ಐದೂ ವರ್ಷ ಚರ್ಚಾ ತಂಡದಲ್ಲಿದ್ದವಳು. ಅಲ್ಲಿ ಕಲಿಸುವುದು ಇಷ್ಟೇ: ಎದುರಿನವರು ವಾಕ್ಯ ಮುಗಿಸುವ ಮೊದಲೇ ಅದರ ಬಿರುಕು ನಿನಗೆ ಕಂಡಿರಬೇಕು. ಗೆದ್ದ ಕಪ್ಪುಗಳು ಈಗಲೂ ಅಪ್ಪನ ಮನೆಯ ಶೋಕೇಸಿನಲ್ಲಿವೆ. ರೋಗಿಯ ಮುಖ ನೋಡಿಯೇ "ನೀವು ಉಪ್ಪಿಟ್ಟು ತಿಂದೀರಿ" ಎಂದು ಹೇಳುವ ಮಟ್ಟಕ್ಕೆ ಬಂದಿದ್ದೆ. ಹತ್ತಕ್ಕೆ ಎಂಟು ಸಲ ಸರಿಯಿರುತ್ತಿತ್ತು. ಉಳಿದ ಎರಡರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ನಾನಂತೂ ಕೇಳಿಕೊಳ್ಳಲಿಲ್ಲ.

ಹತ್ತಿಯ ದಿನಗಳು. ಹೊರೆ ಹೊತ್ತ ಲಾರಿಗಳು ಊರ ನಡುವೆ ಹಾಯುತ್ತಿದ್ದವು. ದಾರಿಬದಿಯ ಜಾಲಿಮುಳ್ಳಿಗೆಲ್ಲ ಬಿಳಿ ಎಳೆ ಸಿಕ್ಕಿಕೊಂಡು, ಗಿಡಗಳಿಗೆ ಮುಪ್ಪು ಬಂದಂತೆ ಕಾಣುತ್ತಿತ್ತು. ಅಂಥದೊಂದು ಶನಿವಾರ ಸುರಪುರದ ಮಗ್ಗುಲಿನ ರಂಗಂಪೇಟೆಯಿಂದ ಒಂದು ಕುಟುಂಬ ಬಂತು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯವರು. ಅಜ್ಜಿ ಖಾಜಾಬೀ, ಬಾಣಂತಿ ಮಗಳು ರೇಷ್ಮಾ, ಅಳಿಯ ಬಾಷಾ, ಮತ್ತು ಕೂಸು ಮಹೆಕ್. ಕೂಸು ಹುಟ್ಟಿ ಅಂದಿಗೆ ನಲವತ್ತನಾಲ್ಕು ದಿನ. ಸುರಪುರದ ಮಕ್ಕಳ ವೈದ್ಯರ ಚೀಟಿಯಲ್ಲಿ ಒಂದೇ ಸಾಲಿತ್ತು: ಅರಿಶಿನ ಕಾಮಣಿ ಇಳಿದಿಲ್ಲ, ಹೊಟ್ಟೆಯ ಸ್ಕ್ಯಾನ್ ಆಗಬೇಕು.

ನಲವತ್ತನಾಲ್ಕು ದಿನ ಏನು ಮಾಡುತ್ತಿದ್ದರು? ಚಿಲ್ಲಾ. ಹೆರಿಗೆಯಾಗಿ ನಲವತ್ತು ದಿನ ಬಾಣಂತಿಯೂ ಕೂಸೂ ಹೊಸ್ತಿಲು ದಾಟುವಂತಿಲ್ಲ. ನಮ್ಮ ಓಣಿಯಲ್ಲೂ ದಾಟುವುದಿಲ್ಲ, ಹೆಸರು ಬೇರೆ ಅಷ್ಟೆ. ಆದರೆ ಅಂದು ಆ ಚೀಟಿಯ ತಾರೀಖು ನೋಡಿದ ಕೂಡಲೇ ನನ್ನ ತಲೆಯಲ್ಲಿ ಇವರ ಜಾಗ ನಿಗದಿಯಾಯಿತು: ತಿಳಿಗೇಡಿಗಳು.

ಕಾಮಣಿ ಬಹಳ ಕೂಸುಗಳಿಗೆ ಬರುತ್ತದೆ, ತಾನೇ ಹೋಗುತ್ತದೆ. ಅಪರೂಪಕ್ಕೆ ಒಂದು ಕೂಸಿಗೆ ಮಾತ್ರ ಅದು ಹೋಗುವುದಿಲ್ಲ, ಏಕೆಂದರೆ ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳವೇ ಮುಚ್ಚಿಹೋಗಿರುತ್ತದೆ. ಪಿತ್ತ ಒಳಗೇ ನಿಂತು ಯಕೃತ್ತನ್ನು ಸುಡುತ್ತದೆ, ದಿನದಿನಕ್ಕೂ ಅದು ಕಲ್ಲಾಗುತ್ತ ಹೋಗುತ್ತದೆ. ಕರುಳನ್ನೇ ಎತ್ತಿ ಯಕೃತ್ತಿಗೆ ಹೊಲಿಯುವ ಒಂದು ಶಸ್ತ್ರಕ್ರಿಯೆ ಇದೆ. ಎರಡು ತಿಂಗಳೊಳಗೆ ಮಾಡಿದರೆ ಪಿತ್ತ ಹರಿಯುವ ಆಸೆ ಹೆಚ್ಚು, ತಡವಾದಷ್ಟೂ ಕಡಿಮೆ. ಅಂಥ ಕೂಸಿನಲ್ಲಿ ಸ್ಕ್ಯಾನಿಗೆ ಸಿಗುವ ಮೊದಲ ಸುಳಿವು, ಪಿತ್ತಕೋಶ ಕಾಣದಿರುವುದು ಅಥವಾ ಸುಕ್ಕಾಗಿರುವುದು. ಹಾಲು ಕುಡಿದ ಆರೋಗ್ಯವಂತ ಕೂಸಿನಲ್ಲೂ ಹಾಗೆಯೇ ಕಾಣುತ್ತದೆ. ಅದಕ್ಕೇ ನಾಲ್ಕು ತಾಸಿನ ಉಪವಾಸ. ಇದೆಲ್ಲ ನನಗೆ ಬಾಯಿಪಾಠವಿತ್ತು.

ಅವರ ಸರದಿಗೆ ಹತ್ತು ನಿಮಿಷ ಮೊದಲು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲೆ ಕರಿ ಬುರ್ಖಾದ ಒಂದು ಬೆನ್ನು, ಅದರ ಮಗ್ಗುಲಲ್ಲಿ ದುಪಟ್ಟಾದಡಿಯಿಂದ ಹೊರಬಂದ ಎರಡು ಪುಟ್ಟ ಪಾದ. ಕೂಸು ಚಪ್ಪರಿಸಿ ಕುಡಿಯುತ್ತಿತ್ತು. ಸದ್ದು ನನ್ನ ತನಕ ಕೇಳುತ್ತಿತ್ತು. ಮನಸ್ಸಿನಲ್ಲೇ ನಕ್ಕೆ. ಸಿಕ್ಕಿದರು ಅಂದುಕೊಂಡೆ.

ಒಳಗೆ ಬಂದರು. ಕೂಸಿನ ಕಣ್ಣಿನ ಬಿಳಿ ಅರಿಶಿನ. ಬಾಗಿದ ಪ್ರೋಬನ್ನೇ ಇಟ್ಟೆ, ಕಪಾಟಿನ ಬೀಗದ ಕೈ ಕೇಳಲಿಲ್ಲ. ಪಿತ್ತಕೋಶ ಇರಬೇಕಾದ ಜಾಗದಲ್ಲಿ ಏನೋ ಒಂದು ಎಳೆ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

"ಕೂಸಿಗಿ ಹಾಲು ಯಾವಾಗ ಕೊಟ್ರಿ?"

ಉತ್ತರ ಖಾಜಾಬೀಯಿಂದ ಬಂತು. "ಮುಂಜಾನಿ ಆರಕ್ಕ. ಈಗ ಹತ್ತೂವರಿ. ಲೆಕ್ಕ ನೀವ ಮಾಡ್ರಿ."

"ಮತ್ತ ಈಗ ಹೊರಗ ಕುಂತು ಕುಡಿಸಿದ್ದೇನು?"

ಅವಳ ಮುಖ ಬದಲಾಯಿತು. ಕೋಣೆಯಲ್ಲಿ ರಿಪೋರ್ಟ್ ಟೈಪ್ ಮಾಡುವ ನಾಗರಾಜ ಇದ್ದ, ಬಾಗಿಲಲ್ಲಿ ಅಳಿಯ ನಿಂತಿದ್ದ. ಅವರಿಬ್ಬರನ್ನೂ ನೋಡಿದಳು, ಆಮೇಲೆ ನನ್ನನ್ನು. "ಹಾಲು ಕೊಟ್ಟಿಲ್ಲ," ಅಂದಳು.

"ನಾ ಕಣ್ಣಿಂದ ನೋಡೀನಿ."

"ನೋಡಿದ್ದು ಖರೆ. ಹಾಲು ಕೊಟ್ಟಿಲ್ಲ."

"ಹಂಗಾದ್ರ ಕೂಸು ಏನ್ ಕುಡೀತಿತ್ತು, ಗಾಳಿ?"

ನಾಗರಾಜ ಕಿಸಕ್ಕನೆ ನಕ್ಕ. ಸಭೆ ನಗುವುದು ಚರ್ಚೆಯಲ್ಲಿ ಅಂಕ ಬಂದ ಗುರುತು. ರೇಷ್ಮಾ ಏನೋ ಹೇಳಲು ಬಾಯಿ ತೆರೆದಳು, ತಾಯಿ ಅವಳ ಮೊಣಕೈ ಹಿಡಿದು ಒತ್ತಿದಳು. ಆಮೇಲೆ ಕೈಚೀಲಕ್ಕೆ ಕೈಹಾಕಿ ಸುತ್ತಿದ ಒಂದು ಅರಿವೆ ತೆಗೆದಳು. "ಮೇಡಂ, ಮಾತು ಬ್ಯಾಡ. ಕೂಸಿನ ಸಂಡಾಸ ಒಮ್ಮಿ ನೋಡ್ರಿ. ಜೋಳದ ಹಿಟ್ಟು ಕಲಸಿದಂಗ ಬೆಳ್ಳಗದ. ನಾ ಆರು ಹಡದು ತೊಳದೀನಿ, ಹಿಂತಾ ಬಣ್ಣ ನೋಡಿಲ್ಲ."

ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚುತ್ತದೆ. ಇದನ್ನು ಮೊದಲ ಪುಟದಲ್ಲೇ ಬರೆದಿರುತ್ತಾರೆ. ನಾನು ಅಂದದ್ದು: "ಅದನ್ನ ಲ್ಯಾಬಿಗಿ ತೋರಸ್ರಿ. ಇಲ್ಲಿ ಸ್ಕ್ಯಾನ್ ಮಾಡ್ತೇವಿ. ಮಾತು ತಪ್ಪಿಸಬ್ಯಾಡ್ರಿ."

"ನಿಮ್ಮ ಮಾತು ನಾ ಯಾಕ ತಪ್ಪಸ್ಲಿ? ಕೂಸು ತಪ್ಪಬಾರದು ಅಂತ ಬಂದೀನಿ."

"ಹಂಗಿದ್ರ ಸುಳ್ಳ ಹೇಳಬಾರದಿತ್ತು."

ಖಾಜಾಬೀ ಅರಿವೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಗಳಿಗೆ ತಮ್ಮ ಮಾತಿನಲ್ಲಿ, "ಚಲ್ ಬೇಟಿ, ಇನೋ ಸುನ್ನೇವಾಲಿ ನೈ," ಅಂದಳು. ಕೇಳುವವಳಲ್ಲ ಇವಳು ಎಂದು. ನನಗೆ ಅರ್ಥವಾಗಲಿ ಎಂದೇ ಗಟ್ಟಿಯಾಗಿ ಅಂದಳು. ನಾನು ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಹೇಳಿದೆ, ನಾಗರಾಜ ಬಡಿದ: ಪಿತ್ತಕೋಶ ಸಂಕುಚಿತ, ಹಾಲು ಕುಡಿದ ಸ್ಥಿತಿ, ಸರಿಯಾದ ಉಪವಾಸದಲ್ಲಿ ಮತ್ತೆ ತರುವುದು. ಹೊರಗೆ ಬಾಷಾ ಹೆಂಡತಿಗೆ ಒದರುವುದು ಕೇಳಿಸಿತು. "ನಾಕ್ ತಾಸ್ ತಡೀಲಿಕ್ಕಾಗಂಗಿಲ್ಲ ನಿನಗ? ಡಾಕ್ಟರ್ ಕಣ್ಣಿಂದ ನೋಡ್ಯಾರಂತ!" ಪಾಪ ಅನ್ನಿಸಲಿಲ್ಲ. ಮುಂದಿನ ರೋಗಿಯನ್ನು ಕರೆದೆ.

ಅವರು ಮರಳಿ ಬರಲಿಲ್ಲ. ನನಗೆ ನೆನಪೂ ಆಗಲಿಲ್ಲ.

ಎರಡು ವಾರ ಕಳೆದು ಮತ್ತೊಂದು ಶನಿವಾರ, ಮಿರ್ಚಿ ಭಜಿ ತಿಂದು ಉಪವಾಸ ಅಂದ ಒಬ್ಬನನ್ನು ಹಿಡಿದು ಹೊರಗೆ ಕಳಿಸಿ, ಖುಷಿಯಲ್ಲಿದ್ದೆ. ನಮ್ಮ ಆಯಾ ಶರಣಮ್ಮ ನೆಲ ಒರೆಸುತ್ತಿದ್ದಳು. "ಇವನಿಗಿಂತ ಆ ಸುರಪುರದ ಮುದುಕಿ ಛಲೋ," ಅಂದೆ ಅವಳಿಗೆ. "ಕೂಸು ಕುಡಿಯೂದು ನಾ ನೋಡಾಕತ್ತೀನಿ, ಕೊಟ್ಟಿಲ್ಲ ಅಂತಾಳ."

ಶರಣಮ್ಮ ಒರೆಸುವುದು ನಿಲ್ಲಿಸಿದಳು. "ಕೊಟ್ಟಿದ್ದಿಲ್ರಿ ಮೇಡಂ."

"ನೀನೂ ಸುರು ಮಾಡಿದೇನು?"

"ನೀವು ನೋಡಿದ್ದು ತಾಯಿಗಲ್ಲ, ಆಯಿಗಿ, ಆ ಮುದುಕಿಗಿ. ಅರವತ್ತು ದಾಟಿದ ಎದಿಯಾಗ ಹಾಲು ಎಲ್ಲಿಂದ ಬರಬೇಕ್ರಿ? ಕೂಸು ಹಸದು ಹೊಯ್ಕೊಳ್ಳಾಕತ್ತಿತ್ತು. ತಾಯಿ ಕಡಿ ಕೊಟ್ರ ಕುಡೀತದ, ನಿಮ್ಮ ಉಪಾಸ ಕೆಡ್ತದ. ಅದಕ್ಕ ಮುದುಕಿ ತನ್ನ ಒಣ ಎದಿ ಬಾಯಾಗ ಕೊಟ್ಟು ಕುಂತಿದ್ಲು. ತಾಯಿ ಹಿಂದ ಬಾತ್‌ರೂಮಿನಾಗ ಇದ್ಲು. ಎದಿ ಕಟ್ಟಿ ಬಂದಿತ್ತು, ಹಿಂಡಿ ಹಿಂಡಿ ಮೋರಿಗಿ ಚೆಲ್ಲಾಕತ್ತಿದ್ಲು. ನಾನ ತಂಬಿಗಿ ಕೊಟ್ಟು ಬಂದೀನಿ."

"ಆವತ್ತ ಯಾಕ ಹೇಳ್ಲಿಲ್ಲ?"

"ಆವತ್ತ ಯಾರಿಗಿ ಮಾತಾಡಾಕ ಬಿಟ್ರಿ ನೀವು?"

ರಿಜಿಸ್ಟರ್ ತೆಗೆದೆ. ನಲವತ್ತನಾಲ್ಕಕ್ಕೆ ಹದಿನಾಲ್ಕು ಕೂಡಿಸಿದೆ. ಐವತ್ತೆಂಟು. ಬರೆದುಕೊಂಡಿದ್ದ ನಂಬರಿಗೆ ಫೋನು ಹಚ್ಚಿದೆ, ಸ್ವಿಚ್ ಆಫ್. ದೊಡ್ಡ ಸರ್‌ಗೆ ಹೇಳಿದೆ. "ಬರೂದಿದ್ರ ಬರ್ತಾರ. ನಾವ್ ಮನಿಮನಿಗಿ ಹೋಗಿ ಕರಕೊಂಡ್ ಬರ್ಬೇಕೇನು?" ಅಂದರು.

ಮರುದಿನ ಭಾನುವಾರ ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋಗಿ, ರಂಗಂಪೇಟೆಯಲ್ಲಿ ಗಾದಿ ಹೊಲಿಯುವವರ ಮನೆ ಕೇಳುತ್ತ ಹೋದೆ. ಹತ್ತಿ ಹಿಂಜುವ ಯಂತ್ರ ಗರಗರ ಅನ್ನುತ್ತಿತ್ತು. ಖಾಜಾಬೀ ಅಂಗಳದಲ್ಲಿ ಗಾದಿಯ ಮೇಲೆ ಕೂತು ದಬ್ಬಣದಿಂದ ಹೊಲಿಯುತ್ತಿದ್ದಳು. ನನ್ನ ಗುರುತು ಹತ್ತಿತು. ಏಳಲಿಲ್ಲ.

"ಬಂದ್ರೇನ್ರಿ? ಕುಂದರ್ರಿ ಅನ್ನಂಗಿಲ್ಲ ನಾ."

"ಕೂಸು ಎಲ್ಲದ?"

"ಯಾಕ? ಇನ್ನೊಮ್ಮಿ ಸುಳ್ಳ ಹಿಡೀಬೇಕೇನು?"

"ತಪ್ಪು ನಂದು. ಶರಣಮ್ಮ ಎಲ್ಲಾ ಹೇಳಿದ್ಲು. ಕೂಸು ತೋರಸ್ರಿ, ಟೈಮಿಲ್ಲ."

ದಬ್ಬಣ ಗಾದಿಗೆ ಚುಚ್ಚಿ ಬಿಟ್ಟಳು. "ಕೂಸು ಮುದನಾಳದಾಗ ಅದ, ಯಾದಗಿರಿ ಹತ್ತಿರ, ಅಳಿಯನ ಊರಾಗ. ಚಿಲ್ಲಾ ಮುಗದದ ಅಂತ ಕರಕೊಂಡು ಹೋದ. ತಿರುಗಿ ಸ್ಕ್ಯಾನ್ ಮಾಡಸಪಾ ಅಂತ ಕೈ ಮುಗದೀನಿ. ನಿಮ್ಮ ಕಾಗದ ತೋರಿಸಿದ. 'ನೀ ಸುಳ್ಳಬುರಕಿ ಇದ್ದಿ ಅಂತ ಡಾಕ್ಟರೇ ಬರದು ಕೊಟ್ಟಾರ, ಬಾಯಿ ಮುಚ್ಚಕೊಂಡು ಕುಂದ್ರು' ಅಂದ. ಅವತ್ತಿನಿಂದ ನನ್ನ ಮಾತು ಆ ಮನ್ಯಾಗ ಯಾರೂ ಕೇಳಾಕತ್ತಿಲ್ಲ."

ನನಗೆ ಇದು ಹೊಳೆದೇ ಇರಲಿಲ್ಲ. ಆ ಕೂಸಿಗೆ ಏನೋ ಆಗಿದೆ ಎಂದು ಪಟ್ಟು ಹಿಡಿದಿದ್ದವಳು ಇಡೀ ಮನೆತನದಲ್ಲಿ ಇವಳೊಬ್ಬಳೇ. ನಾನು ಗೆದ್ದದ್ದು ಅವಳೊಬ್ಬಳ ವಿರುದ್ಧ.

ಯಾದಗಿರಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಶಹಾಪುರ ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು, "ಮಕ್ಕಳಾಗ್ಯಾವೇನ್ರಿ ನಿಮಗ?"

"ಮದವಿನೇ ಆಗಿಲ್ಲ."

"ಹಂಗಾದ್ರ ತಿಳಕೋರಿ. ಅಳಿಯನ ಮುಂದ, ಆ ಹಲ್ಲ ಕಿಸಿಯಾಂವನ ಮುಂದ, ಮುದುಕಿ ನಾ, ಕೂಸಿನ ಬಾಯಾಗ ಎದಿ ಇಟ್ಟಿದ್ದೆ ಅಂತ ಹೆಂಗ ಹೇಳ್ಬೇಕು? ನೀವೂ ಹೆಣ್ಮಗಳು, ಮಾರಿ ನೋಡಿ ತಿಳಕೋತೀರಿ ಅನಕೊಂಡೆ."

ನಾನು ಅಲ್ಲೂ ಬಿಡಲಿಲ್ಲ, ಚಟ. "ನನ್ನ ಕಿವ್ಯಾಗರ ಹೇಳಬಹುದಿತ್ತಲ್ರಿ."

"ಕಿವಿ ಎಲ್ಲಿತ್ರಿ ನಿಮಗ ಆವತ್ತ? ಬಾಯಿ ಅಷ್ಟ ಕಂಡಿತ್ತು."

ಹಿಂದಿನ ಸೀಟಿನ ಹೆಂಗಸು ನಕ್ಕಳು. ಆ ಅಂಕ ಖಾಜಾಬೀ‌ಗೆ ಹೋಯಿತು.

ಮುದನಾಳದ ಮನೆಯ ಮುಂದೆ ಕೂಸನ್ನು ಬಿಸಿಲಿಗೆ ಮಲಗಿಸಿದ್ದರು. ಮುಂಗೈಗೆ ಯಾವುದೋ ಬೇರು ಕಟ್ಟಿದ್ದರು. ಹಳದಿ ಈಗ ಹಸಿರಿಗೆ ತಿರುಗಿತ್ತು, ಹೊಟ್ಟೆ ಬಿಗಿದಿತ್ತು. ರೇಷ್ಮಾ ನನ್ನನ್ನು ನೋಡಿ ಕೂಸನ್ನು ಎತ್ತಿಕೊಂಡು ಒಳಗೆ ಸರಿದಳು. ಬಾಷಾ ಹೊರಗೆ ಬಂದ. ನಾಳೆಯೇ ಮತ್ತೆ ಸ್ಕ್ಯಾನ್ ಆಗಬೇಕು, ಬಹುಶಃ ಹೈದರಾಬಾದಿಗೆ ಹೋಗಬೇಕು ಅಂದೆ. ಅವನು ಒಳಗಿನಿಂದ ನನ್ನ ರಿಪೋರ್ಟ್ ತಂದು ನನಗೇ ಓದಿ ತೋರಿಸಲು ನಿಂತ.

"ಇದರಾಗ ಹಾಲು ಕುಡದದ ಅಂತ ಅಷ್ಟ ಅದಲ್ರಿ. ರೋಗ ಅದ ಅಂತ ಎಲ್ಲಿ ಬರದೀರಿ?"

"ತಪ್ಪ ಬರದೀನಿ."

"ಡಾಕ್ಟರಾಗಿ ತಪ್ಪ ಬರೀತಾರೇನ್ರಿ? ಕಣ್ಣಿಂದ ನೋಡೀನಿ ಅಂದೀರಿ ನೀವು."

ನನ್ನದೇ ವಾದವನ್ನು ನನ್ನ ಮೇಲೇ ತಿರುಗಿಸಿ ಹಿಡಿದಿದ್ದ, ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಅರ್ಧ ತಾಸು ಹೆಣಗಿದೆ. ಕೊನೆಗೆ ಖಾಜಾಬೀಯೇ ಮುಂದೆ ಬಂದಳು. "ಬರೀತಾರಪಾ, ಡಾಕ್ಟರೂ ತಪ್ಪ ಬರೀತಾರ. ಮುಂದ ನಿಂತಾಳ ನೋಡು, ಕಣ್ತುಂಬ ನೋಡು. ತಪ್ಪ ಆಗಿರದಿದ್ರ ಆಯಿತವಾರ ಬಸ್ ಹತ್ತಿ ಇಲ್ಲೀತನ ಬರ್ತಿದ್ಲೇನು?"

ಸೋಮವಾರ, ಅರವತ್ತನೆಯ ದಿನ, ಎಲ್ಲರೂ ಸೆಂಟರಿಗೆ ಬಂದರು. ಕಪಾಟಿನ ಬೀಗದ ಕೈ ಕೇಳಿದೆ. "ಇದಕ್ಕೂ ಅದಕ್ಕೂ ಏನ್ ಫರಕ್ ಬೀಳ್ತದವಾ?" ಅಂದರು ದೊಡ್ಡ ಸರ್. ಕೊಡದಿದ್ದರೆ ಬೀಗ ಒಡೆಯುತ್ತೇನೆ ಅಂದೆ. ಕೊಟ್ಟರು, ಹಿಂದೆಯೇ ನಿಂತರು. ಕೂಸು ಹಸಿದು ಚೀರುತ್ತಿತ್ತು. ಖಾಜಾಬೀ ಸ್ಕ್ಯಾನ್ ಕೋಣೆಯ ಸ್ಟೂಲಿನ ಮೇಲೆ, ದೊಡ್ಡ ಸರ್, ನಾಗರಾಜ, ಅಳಿಯ ಎಲ್ಲರೂ ಇದ್ದಾಗಲೇ, ಬೆನ್ನು ತಿರುಗಿಸದೆ, ದುಪಟ್ಟಾ ಎಳೆದುಕೊಂಡು ಕೂಸನ್ನು ಎದೆಗೆ ಹಚ್ಚಿಕೊಂಡಳು. ಗಂಡಸರು ಮೂವರೂ ನೆಲ ನೋಡಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ಕೂಸು ತಣ್ಣಗಾಯಿತು.

ನೇರ ಪ್ರೋಬಿನಲ್ಲಿ ಎಲ್ಲ ಬಿಡಿಸಿ ಕಂಡಿತು. ಪಿತ್ತಕೋಶದ ಜಾಗದಲ್ಲಿ ಅಂಕುಡೊಂಕಾದ ಒಂದು ದಾರ. ಯಕೃತ್ತಿನ ಬಾಗಿಲಲ್ಲಿ, ರಕ್ತನಾಳದ ಎದುರು, ಬೆಳ್ಳಗಿನ ತ್ರಿಕೋನದ ಒಂದು ಗಂಟು. ನಾಳ ಇರಬೇಕಾದಲ್ಲಿ ಗಾಯದ ಕಲೆ ಕಟ್ಟಿದ್ದರೆ ಹಾಗೆ ಕಾಣುತ್ತದೆ. ಪುಸ್ತಕದ ಚಿತ್ರಕ್ಕಿಂತ ಸ್ಪಷ್ಟವಾಗಿತ್ತು. ನಲವತ್ತನಾಲ್ಕನೇ ದಿನವೂ ಅದು ಅಲ್ಲೇ ಇದ್ದಿರಬೇಕು, ಒಂದು ಬೀಗದಾಚೆ.

ದೊಡ್ಡ ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಹಳೇ ರಿಪೋರ್ಟ್ ವಾಪಸ್ ಇಸ್ಕೋ. ಇದೊಂದ ಕೊಟ್ಟು ಕಳಸು. ನಾಳಿ ಅಲ್ಲಿಯೋರು ಕೇಳ್ತಾರ." ಎರಡನ್ನೂ ಕೂಡಿಸಿ ಪಿನ್ ಹೊಡೆದು ಬಾಷಾನ ಕೈಗೆ ಕೊಟ್ಟೆ. ಇದರಲ್ಲಿ ದೊಡ್ಡತನ ಹುಡುಕಬೇಡಿ. ದೊಡ್ಡ ಸರ್ ಮೇಲೆ ನನಗೆ ಅಷ್ಟು ಸಿಟ್ಟಿತ್ತು, ಅದರಲ್ಲಿ ಅರ್ಧ ನನ್ನ ಮೇಲಿನದು.

ಹೈದರಾಬಾದಿನಲ್ಲಿ ಹೊಟ್ಟೆ ತೆರೆದು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿದರು, ನಾಳ ಎಲ್ಲೂ ತೆರೆದಿರಲಿಲ್ಲ. ಅರವತ್ತೇಳನೇ ದಿನ ಕರುಳು ಹೊಲಿದರು. ಎರಡು ವಾರದ ಮೇಲೆ ರೇಷ್ಮಾ ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದಳು. ಬಿಳಿ ಅರಿವೆಯ ಮೇಲೆ ತೊಗರಿಬೇಳೆಯ ಬಣ್ಣ: ಪಿತ್ತ ಕರುಳಿಗೆ ಇಳಿದಿತ್ತು. ಕೆಳಗೆ ಒಂದು ಅಕ್ಷರವಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದೆನೋ. ಯಾರಿಗಾದರೂ ತೋರಿಸೋಣವೆಂದರೆ ಅಂಥ ಫೋಟೊವನ್ನು ಯಾರಿಗೆ ತೋರಿಸುವುದು?

ಆ ಬಣ್ಣ ಕೆಲವು ತಿಂಗಳು ನಿಂತಿತು. ಆಮೇಲೆ ಕೂಸಿಗೆ ಮತ್ತೆ ಮತ್ತೆ ಜ್ವರ, ಆಸ್ಪತ್ರೆ, ಬಣ್ಣ ತೆಳುವಾಯಿತು ಎಂಬ ಸುದ್ದಿ. ಅಷ್ಟರಲ್ಲಿ ನನ್ನ ವರ್ಷ ಮುಗಿದು ಕಲಬುರಗಿಗೆ ಬಂದಿದ್ದೆ. ಗೆಳತಿಯರು, ನಿನ್ನ ತಪ್ಪೇನಿದೆ, ನೀನೇ ಹುಡುಕಿಕೊಂಡು ಹೋದೆಯಲ್ಲ ಅನ್ನುತ್ತಾರೆ. ಅವರ ಮಾತಿನ ಬಿರುಕು ನನಗೆ ಕೂಡಲೇ ಕಾಣುತ್ತದೆ, ಆದರೂ ಸುಮ್ಮನಿರುತ್ತೇನೆ.

ಮಹೆಕ್‌ಗೆ ಹದಿನಾಲ್ಕು ತಿಂಗಳಾದಾಗ ಹೈದರಾಬಾದಿನವರು ಸ್ಕ್ಯಾನ್ ಮಾಡಿಸಿ ಕಳಿಸಿ ಅಂದಿದ್ದರಂತೆ. ರೇಷ್ಮಾ ಮತ್ತು ಖಾಜಾಬೀ ಯಾದಗಿರಿಯಿಂದ ರೈಲಿನಲ್ಲಿ ನನ್ನ ಹತ್ತಿರವೇ ಬಂದರು. ಯಾಕೆ ನನ್ನ ಹತ್ತಿರ ಎಂದು ಕೇಳುವ ಧೈರ್ಯವಾಗಲಿಲ್ಲ. ಹುಡುಗಿ ಕೂತುಕೊಂಡು ಆಡುತ್ತಿದ್ದಳು, ಕಣ್ಣು ಮತ್ತೆ ಹಳದಿ, ಕೈಕಾಲು ಕಡ್ಡಿ. ನಿಧಾನವಾಗಿ, ಎರಡೆರಡು ಸಲ ನೋಡಿದೆ. ಯಕೃತ್ತಿನ ಮೈ ಗಂಟುಗಂಟಾಗಿತ್ತು. ಗುಲ್ಮ ಊದಿ ಹೊಕ್ಕುಳ ತನಕ ಬಂದಿತ್ತು.

"ಏನ್ ಕಾಣ್ತದ್ರಿ?" ಖಾಜಾಬೀ ಕೇಳಿದಳು.

"ಲಿವರ್ ಗಟ್ಟಿಯಾಗ್ಯಾದ. ಬ್ಯಾರೇದು ಹಾಕಬೇಕಾಗ್ತದ ಅನಸ್ತದ. ತಾಯಿದೋ ತಂದಿದೋ ತುಂಡು ಕೂಡತದೇನು ಅಂತ ಅವರು ನೋಡ್ತಾರ."

ರೇಷ್ಮಾ ಮಗುವಿನ ಕಾಲು ಹಿಡಿದುಕೊಂಡಳು. ಖಾಜಾಬೀ ಪರದೆಯನ್ನೇ ನೋಡಿದಳು, ಅದರಲ್ಲಿ ಅವಳಿಗೆ ಏನು ಕಂಡಿತೋ.

"ಆ ಹದಿನಾರು ದಿನಕ್ಕ ಹಿಂಗ ಆತೇನ್ರಿ?"

ಎರಡೂ ಕಡೆಯ ವಾದ ನನ್ನಲ್ಲಿ ಸಿದ್ಧವಿತ್ತು. ಬೇಗ ಮಾಡಿದರೆ ಪಿತ್ತ ಚೆನ್ನಾಗಿ ಹರಿಯುತ್ತದೆ, ಆದ್ದರಿಂದ ಹೌದು. ಐವತ್ತನೇ ದಿನಕ್ಕೆ ಮಾಡಿದ ಕೂಸುಗಳಲ್ಲೂ ಎಷ್ಟೋ ಹೀಗೇ ಆಗುತ್ತವೆ, ಆದ್ದರಿಂದ ಅಲ್ಲ. ಎರಡೂ ನಿಜ. ಯಾವುದನ್ನು ಹಿಡಿದರೂ ಗೆಲ್ಲಬಲ್ಲೆ.

"ಗೊತ್ತಿಲ್ರಿ ಅಮ್ಮಾ," ಅಂದೆ.

ಅವಳು ದುಪಟ್ಟಾದ ತುದಿಯಿಂದ ಮೊಮ್ಮಗಳ ಹೊಟ್ಟೆಯ ಮೇಲಿನ ಜೆಲ್ ಒರೆಸಿದಳು, ಅಂಗಿ ಕೆಳಗೆ ಎಳೆದಳು, ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಆವತ್ತ ಇಷ್ಟ ಬರದು ಕೊಟ್ಟಿದ್ರ ಸಾಕಿತ್ತಲ್ರಿ, ಗೊತ್ತಿಲ್ಲ ಅಂತ," ಅಂದಳು. "ಗೊತ್ತಿದ್ದೋರ ಕಡಿ ಹೋಗ್ತಿದ್ವಿ."